ಚಿಕ್ಕ ವಿಮಾನಕ್ಕೆ ಹವಾಮಾನ ತೋರಿಸುವ ಪೋರ್ಟಬಲ್ ಜಿಪಿಎಸ್: ಹಳೇ 496 ತಗೊಳ್ಳಲಾ, ಟ್ಯಾಬ್ಲೆಟ್ ಸಾಕಾ?

ಜಾರ್ಜ್‌ಟೌನ್_172:

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನ ಆಸ್ಟಿನ್ ಪಕ್ಕದ ಜಾರ್ಜ್‌ಟೌನ್‌ನಿಂದ ಕ್ಲಬ್ಬಿನ ಸೆಸ್ನಾ 172 ಹಾರಿಸ್ತೀನಿ. ಪ್ರೈವೇಟ್ ಲೈಸೆನ್ಸ್ ಕಳೆದ ವರ್ಷ ಬಂತು. ಇನ್‌ಸ್ಟ್ರುಮೆಂಟ್ ರೇಟಿಂಗ್ ಇನ್ನೂ ಇಲ್ಲ, ಹಾಗಾಗಿ ಕಣ್ಣಿಗೆ ಕಾಣೋ ಹವಾಮಾನದಲ್ಲಿ ಮಾತ್ರ ಹಾರಾಟ. ಅಕ್ಕ ಭಾವ ಡಾಲಸ್‌ನಲ್ಲಿದ್ದಾರೆ. ಐ-35 ಹೈವೇಲಿ ಶುಕ್ರವಾರ ಸಂಜೆ ಕಾರು ಓಡಿಸಿದವರಿಗೆ ನಾನು ಯಾಕೆ ವಿಮಾನ ಅಂತೀನಿ ಅನ್ನೋದನ್ನ ಬಿಡಿಸಿ ಹೇಳಬೇಕಾಗಿಲ್ಲ. ಜಾರ್ಜ್‌ಟೌನ್‌ನಿಂದ ಡಾಲಸ್ ಪಕ್ಕದ ಅಡಿಸನ್ ಏರ್‌ಪೋರ್ಟ್‌ಗೆ ಸುಮಾರು ಒಂದೂ ಕಾಲು ಗಂಟೆ.

ಸಮಸ್ಯೆ ಇರೋದು ಏಪ್ರಿಲ್‌ನಿಂದ ಜೂನ್‌ವರೆಗೆ. ಬೆಳಿಗ್ಗೆ ಗಲ್ಫ್ (ಮೆಕ್ಸಿಕೊ ಕೊಲ್ಲಿ) ಕಡೆಯಿಂದ ತಗ್ಗಿನ ಮೋಡ, ಅದು ಕರಗೋ ಹೊತ್ತಿಗೆ ಮಧ್ಯಾಹ್ನದ ಗುಡುಗು ಶುರು. ಕ್ಲಬ್ಬಿನ ವಿಮಾನದ ಪ್ಯಾನಲ್‌ನಲ್ಲಿ ಹವಾಮಾನ ತೋರಿಸೋದು ಏನೂ ಇಲ್ಲ. ಎಡಿಎಸ್-ಬಿ ಔಟ್ (ನಮ್ಮ ವಿಮಾನ ಎಲ್ಲಿದೆ ಅಂತ ಕಳಿಸೋದು) ಹಾಕಿದ್ದಾರೆ, ಇನ್ (ಸುತ್ತಲಿನ ವಿಮಾನ, ಹವಾಮಾನದ ಮಾಹಿತಿ ಪಡೆಯೋದು) ಇಲ್ಲ.

ಕ್ಲಬ್ಬಿನಲ್ಲಿ ಒಬ್ಬ ಹಿರಿಯರು ತಮ್ಮ ಗಾರ್ಮಿನ್ 496 ಅನ್ನು ಕಡಿಮೆ ಬೆಲೆಗೆ ಕೊಡ್ತೀನಿ ಅಂತಿದ್ದಾರೆ, ಉಪಗ್ರಹದಿಂದ ಹವಾಮಾನ ತರೋ ಎಕ್ಸ್‌ಎಂ ಆಂಟೆನಾ ಸಮೇತ. "ಇದರಲ್ಲಿ ರಾಡಾರ್ ನೋಡ್ಕೊಂಡು ಸೆಲ್‌ಗಳ (ಗುಡುಗುಮೋಡಗಳ) ಮಧ್ಯೆ ದಾರಿ ಹುಡುಕ್ಕೊಂಡು ಎಷ್ಟೋ ಸಲ ಹೋಗಿದೀನಿ" ಅಂತಾರೆ. ಇನ್ನೊಂದು ಕಡೆ ನನ್ನ ಹತ್ರ ಐಪ್ಯಾಡ್ ಇದೆ, ಅದಕ್ಕೊಂದು ಪುಟ್ಟ ಎಡಿಎಸ್-ಬಿ ರಿಸೀವರ್ ತಗೊಂಡ್ರೆ ಹವಾಮಾನ ಪುಕ್ಕಟೆ ಬರುತ್ತಂತೆ. ಮೂರನೇದು ಗಾರ್ಮಿನ್‌ನದೇ ಪೋರ್ಟಬಲ್ ಜಿಪಿಎಸ್, ಏರಾ 660 ಥರದ್ದು.

ಯಾವುದು ತಗೊಳ್ಳಲಿ? ಮುಖ್ಯವಾಗಿ, ಪರದೆ ಮೇಲೆ ಎರಡು ಕೆಂಪು ಮಚ್ಚೆಗಳ ಮಧ್ಯೆ 15 ಮೈಲಿ ಖಾಲಿ ಜಾಗ ಕಂಡ್ರೆ ನನ್ನಂಥವನು ನುಗ್ಗಬಹುದಾ?

———

ಡಾಲಸ್_ಡೈರೆಕ್ಟ್:

496 ಬಿಟ್ಟಾಕಿ ಗುರು. 2006ರ ಮಾಲು ಅದು. ಅಂಗೈಯಗಲದ ಪರದೆ, ಅದರಲ್ಲಿ ಮಚ್ಚೆ ಯಾವುದು ಊರಿನ ಹೆಸರು ಯಾವುದು ಗೊತ್ತಾಗಲ್ಲ. ಎಕ್ಸ್‌ಎಂಗೆ ತಿಂಗಳು ತಿಂಗಳು ದುಡ್ಡು ಬೇರೆ. ಐಪ್ಯಾಡ್ ಜೊತೆ ಸೆಂಟ್ರಿ ಅಥವಾ ಸ್ಟ್ರೇಟಸ್ ರಿಸೀವರ್ ತಗೊಳ್ಳಿ, ಫೋರ್‌ಫ್ಲೈಟ್ ಆ್ಯಪ್ ಹಾಕ್ಕೊಳ್ಳಿ, ಮುಗೀತು. ಹವಾಮಾನ, ಟ್ರಾಫಿಕ್, ಟಿಎಫ್ಆರ್ (ತಾತ್ಕಾಲಿಕ ಹಾರಾಟ ನಿರ್ಬಂಧ) ಎಲ್ಲ ಅದರಲ್ಲೇ ಬರುತ್ತೆ.

15 ಮೈಲಿ ಅಂದ್ರೆ ನಾನಂತೂ ಹೋಗ್ತೀನಿ. ಹೊರಗೆ ಕಣ್ಣಿಟ್ಟಿರಬೇಕು ಅಷ್ಟೆ.

———

ಸಾಗರದ_ಸೆಸ್ನಾ:

ನಾನು ಸಾಗರದವನು, ಈಗ ಕಾನ್ಸಸ್‌ನ ವಿಚಿಟಾದಲ್ಲಿ. ಸೆಸ್ನಾ ಹುಟ್ಟಿದ ಊರು ಇದು. ವಾರವಿಡೀ ಬೇರೆ ಕೆಲಸ, ಶನಿವಾರ ಭಾನುವಾರ ಇನ್‌ಸ್ಟ್ರಕ್ಟರ್. 2005ರಲ್ಲಿ 496ರ ಅಣ್ಣ 396 ಬಂದಾಗಿನಿಂದ ಈ ಪೋರ್ಟಬಲ್ ಹವಾಮಾನದ ಪೆಟ್ಟಿಗೆಗಳನ್ನು ಪಕ್ಕದಲ್ಲಿಟ್ಟುಕೊಂಡೇ ಹಾರುತ್ತಿದ್ದೇನೆ. ನನಗೆ ಅವು ಇಷ್ಟ, ಅದನ್ನು ಮೊದಲೇ ಹೇಳಿಬಿಡ್ತೇನೆ. ಇಷ್ಟ ಇರೋದಕ್ಕೇ ಕೆಳಗಿನದ್ದನ್ನು ಉದ್ದಕ್ಕೆ ಬರೀತಿದ್ದೇನೆ.

ಯಾವ ಪೆಟ್ಟಿಗೆ ಅನ್ನುವ ಪ್ರಶ್ನೆ ಆಮೇಲೆ ನೋಡುವ. ಮೊದಲು ನಿಮ್ಮ ಕೊನೇ ಪ್ರಶ್ನೆ. ಉತ್ತರ: ಬೇಡ ಮಾರಾಯ್ರೆ. ಡಾಲಸ್‌ನವರು "ನಾನಂತೂ ಹೋಗ್ತೀನಿ" ಅಂದಿದ್ದಾರೆ, ಅವರ ಜೊತೆ ನನ್ನ ಜಗಳ ಇಲ್ಲ, ಆದರೆ ಆ 15 ಮೈಲಿ ಯಾವಾಗಿನದ್ದು ಅಂತ ಅವರನ್ನೇ ಒಮ್ಮೆ ಕೇಳಿ.

ಪರದೆಯ ಮಳೆಚಿತ್ರ ಬರುವುದು ನೆಕ್ಸ್‌ರ್ಯಾಡ್‌ನಿಂದ, ಅಂದರೆ ಅಮೆರಿಕ ತುಂಬಾ ನಿಂತಿರುವ ಸುಮಾರು 160 ನೆಲದ ರಾಡಾರ್‌ಗಳು. ಪ್ರತಿಯೊಂದೂ ತನ್ನ ತಟ್ಟೆಯನ್ನು ಒಂದು ಕೋನದಲ್ಲಿ ಸುತ್ತಿಸಿ, ಸ್ವಲ್ಪ ಮೇಲೆತ್ತಿ ಮತ್ತೆ ಸುತ್ತಿಸಿ, ಹೀಗೆ ಇಡೀ ಆಕಾಶವನ್ನು ಒಂದು ಸಲ ಗುಡಿಸಿ ಮುಗಿಸಲು ಮಳೆಯಿರುವಾಗ 4ರಿಂದ 6 ನಿಮಿಷ ಬೇಕು. ಮಳೆ ಇಲ್ಲದ ದಿನ 10 ನಿಮಿಷ. ಎಲ್ಲ ರಾಡಾರ್‌ಗಳೂ ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಮುಗಿಸುವುದಿಲ್ಲ. ಆಮೇಲೆ ಯಾರೋ ಕೂತು, ಅಂದರೆ ಕಂಪ್ಯೂಟರ್, ಇವನ್ನೆಲ್ಲ ಹೊಲಿದು ಒಂದು ಚಿತ್ರ ಮಾಡುತ್ತದೆ. ಮದುವೆಮನೆ ಗ್ರೂಪ್ ಫೋಟೊದಲ್ಲಿ ಒಬ್ಬೊಬ್ಬರನ್ನೂ ಬೇರೆಬೇರೆ ಹೊತ್ತಿಗೆ ತೆಗೆದು ಅಂಟಿಸಿದರೆ ಹೇಗೋ ಹಾಗೆ: ಎಲ್ಲರೂ ಒಟ್ಟಿಗೆ ನಿಂತಂತೆ ಕಾಣುತ್ತಾರೆ, ಆದರೆ ಮಾವ ಆಗಲೇ ಊಟಕ್ಕೆ ಹೋಗಿಯಾಗಿದೆ.

ಆ ಚಿತ್ರ ಹೊಲಿದು ಮುಗಿದ ಗಳಿಗೆಯಿಂದ ನಿಮ್ಮ ಪರದೆಯ ಮೂಲೆಯ ಗಡಿಯಾರ ಎಣಿಸಲು ಶುರು ಮಾಡುತ್ತದೆ. "2 ನಿಮಿಷ" ಅಂತ ತೋರಿಸಿದರೆ ಚಿತ್ರಕ್ಕೆ 2 ನಿಮಿಷ ವಯಸ್ಸು. ಅದರೊಳಗಿನ ಮಳೆಯ ವಯಸ್ಸು ಅದಕ್ಕಿಂತ ಯಾವಾಗಲೂ ಹೆಚ್ಚು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಎನ್‌ಟಿಎಸ್‌ಬಿ, 2012ರ ಜೂನ್‌ನಲ್ಲಿ ಇದರ ಬಗ್ಗೆಯೇ ಒಂದು ಎಚ್ಚರಿಕೆ ಹೊರಡಿಸಿತು. ವ್ಯತ್ಯಾಸ ಸಾಮಾನ್ಯವಾಗಿ ಚಿಕ್ಕದಿದ್ದರೂ, ತೀರಾ ಕೆಟ್ಟ ಸಂದರ್ಭದಲ್ಲಿ ಪರದೆ ತೋರಿಸುವ ವಯಸ್ಸಿಗಿಂತ ನಿಜವಾದ ಹವಾಮಾನ 15ರಿಂದ 20 ನಿಮಿಷ ಹಳೆಯದಿರಬಹುದು ಅಂತ ಅದರಲ್ಲಿದೆ.

ಆ ಎಚ್ಚರಿಕೆಯಲ್ಲಿ ಎರಡು ಅಪಘಾತಗಳ ಪ್ರಸ್ತಾಪ ಇದೆ. ಒಂದು 2010ರ ಮಾರ್ಚ್ 25, ಟೆನೆಸಿಯ ಬ್ರೌನ್ಸ್‌ವಿಲ್. ರೋಗಿಯನ್ನು ಬಿಟ್ಟು ವಾಪಸ್ ನೆಲೆಗೆ ಬರುತ್ತಿದ್ದ ಆಂಬುಲೆನ್ಸ್ ಹೆಲಿಕಾಪ್ಟರ್. ಪರದೆಯ ಚಿತ್ರ 1 ನಿಮಿಷ ಹಳೆಯದು ಅಂತ ತೋರಿಸುತ್ತಿತ್ತು, ವಾಸ್ತವದಲ್ಲಿ ಸುಮಾರು 5 ನಿಮಿಷ. ಚಿತ್ರದಲ್ಲಿ ಗುಡುಗಿನ ಸಾಲು ನೆಲೆಯಿಂದ 7 ಮೈಲಿ ದೂರ. ನಿಜದಲ್ಲಿ ನೆಲೆಯ ತಲೆ ಮೇಲೆ. ಪೈಲಟ್, ಇಬ್ಬರು ನರ್ಸ್‌ಗಳು, ಮೂವರೂ ಹೋದರು. ಗಮನಿಸಿ, ನಾಲ್ಕೇ ನಾಲ್ಕು ನಿಮಿಷದ ವ್ಯತ್ಯಾಸ ಅದು.

ಇನ್ನೊಂದು ನಿಮ್ಮ ಪಕ್ಕದಲ್ಲೇ, ಟೆಕ್ಸಾಸ್‌ನ ಬ್ರಯಾನ್, 2011ರ ಡಿಸೆಂಬರ್ 19. ಪೈಪರ್ ಪಿಎ-32, ಐದು ಜನ. ಆ ಪೈಲಟ್‌ಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಇತ್ತು. ಮಳೆ ಬೆಳೆಯುತ್ತಿದ್ದ ಜಾಗಕ್ಕೇ ಹೊಕ್ಕ ವಿಮಾನ ಆಕಾಶದಲ್ಲೇ ಮುರಿಯಿತು.

ಈಗ ನಿಮ್ಮ 15 ಮೈಲಿ. ಸೆಲ್ 40 ನಾಟ್‌ನಲ್ಲಿ ಓಡುತ್ತಿದೆ ಅಂತಿಟ್ಟುಕೊಳ್ಳಿ, ವಸಂತದಲ್ಲಿ ಅದೇನೂ ಹೆಚ್ಚಲ್ಲ. 15 ನಿಮಿಷಕ್ಕೆ 10 ನಾಟಿಕಲ್ ಮೈಲಿ ಸರಿದಿರುತ್ತದೆ. ಅಷ್ಟೇ ಹೊತ್ತಲ್ಲಿ ನಿಮ್ಮ 172 ಸುಮಾರು 27 ಮೈಲಿ ಮುಂದೆ ಬಂದಿರುತ್ತದೆ. ನೀವು ಹೊರಟ ಕಿಂಡಿಗೂ ತಲುಪಿದ ಕಿಂಡಿಗೂ ಸಂಬಂಧವೇ ಇರುವುದಿಲ್ಲ. ತೀವ್ರವಾದ ಗುಡುಗುಮೋಡದಿಂದ ಕನಿಷ್ಠ 20 ಮೈಲಿ ದೂರ ಇರಿ ಅಂತ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಕೈಪಿಡಿ ಹೇಳುತ್ತದೆ. ಎರಡು ಕಡೆಗೂ 20 ಅಂದರೆ ಕಿಂಡಿ 40 ಮೈಲಿ ಇರಬೇಕು. ಅಷ್ಟಿದ್ದರೆ ಅದನ್ನು ಕಿಂಡಿ ಅನ್ನುವುದಿಲ್ಲ, ಬಯಲು ಅನ್ನುತ್ತಾರೆ.

———

ಡಾಲಸ್_ಡೈರೆಕ್ಟ್:

ಸರಿ ಸಾರ್, 15 ಮೈಲಿ ಮಾತು ವಾಪಸ್ ತಗೊಂಡೆ. ಆದ್ರೆ ನೀವು ಹೇಳ್ತಿರೋದೆಲ್ಲ ಎಕ್ಸ್‌ಎಂ ಕಾಲದ ಕಥೆ ಅಲ್ವಾ? ಈಗಿನ ಎಡಿಎಸ್-ಬಿ ಹವಾಮಾನ ಇನ್ನೂ ಫ್ರೆಶ್ ಇರಬೇಕಲ್ಲ.

———

ಸಾಗರದ_ಸೆಸ್ನಾ:

ಟವರ್‌ನಿಂದ ನೇರವಾಗಿ ಬರುತ್ತೆ ಅಂದಕೂಡಲೇ ತಾಜಾ ಅನ್ನಿಸುತ್ತೆ. ಮೂಲದ ರಾಡಾರ್ ಅದೇ, ಹೊಲಿಗೆಯೂ ಅದೇ ಥರದ್ದು. ಬದಲಾಗಿರುವುದು ನಿಮ್ಮ ತನಕ ತಲುಪಿಸುವ ದಾರಿ ಮಾತ್ರ. ಎಡಿಎಸ್-ಬಿ ಹವಾಮಾನಕ್ಕೆ ಫಿಸ್-ಬಿ ಅಂತ ಹೆಸರು, 978 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಅದರಲ್ಲಿ ಎರಡು ರಾಡಾರ್ ಚಿತ್ರ ಇರುತ್ತವೆ. ಹತ್ತಿರದ ಪ್ರದೇಶದ್ದು 5 ನಿಮಿಷಕ್ಕೊಮ್ಮೆ ಹೊಸದಾಗುತ್ತದೆ. ಇಡೀ ದೇಶದ್ದು 15 ನಿಮಿಷಕ್ಕೊಮ್ಮೆ, ಅದೂ ದಪ್ಪ ದಪ್ಪ ಚೌಕಗಳಲ್ಲಿ: ಹತ್ತಿರದ ಚಿತ್ರದ ಒಂದು ಚೌಕ ಸುಮಾರು ಒಂದೂವರೆ ಮೈಲಿ ಇದ್ದರೆ ದೇಶದ ಚಿತ್ರದ್ದು ಏಳೂವರೆ ಮೈಲಿ ಅಗಲ. ಪರದೆ ಎರಡನ್ನೂ ಪಕ್ಕಪಕ್ಕ ಅಂಟಿಸಿ ತೋರಿಸುತ್ತದೆ. ದೂರದಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಕಂಡರೆ ಅದು ಹಳೇದು, ಒರಟು, ಅಂತ ತಿಳಿಯಿರಿ.

ಎಕ್ಸ್‌ಎಂ ಉಪಗ್ರಹದಿಂದ ಬರುವುದರಿಂದ ನೆಲದ ಮೇಲೆ ನಿಂತೇ ಚಿತ್ರ ಸಿಗುತ್ತದೆ. ಫಿಸ್-ಬಿಗೆ ಟವರ್ ಕಾಣಬೇಕು; ಎಷ್ಟೋ ಚಿಕ್ಕ ಏರ್‌ಪೋರ್ಟ್‌ಗಳಲ್ಲಿ ಮೇಲೇರುವ ತನಕ ಏನೂ ಬರುವುದಿಲ್ಲ. ಎಕ್ಸ್‌ಎಂನಲ್ಲಿ ಸೆಲ್ ಯಾವ ಕಡೆ ಓಡುತ್ತಿದೆ ಅಂತ ಬಾಣದ ಗುರುತೂ ಬರುತ್ತದೆ. ಆ ಬಾಣ ನನಗೆ ಬಹಳ ಇಷ್ಟ. ಫಿಸ್-ಬಿಯಲ್ಲಿ ಹಳೇ ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿ ನೋಡಿ ನೀವೇ ದಿಕ್ಕು ಕಂಡುಕೊಳ್ಳಬೇಕು. ಪುಕ್ಕಟೆ ಅಂದಮೇಲೆ ಅಷ್ಟು ಕೆಲಸ ನಾವೂ ಮಾಡಬೇಕಪ್ಪ.

ದಿಕ್ಕಿನ ಮಾತು ಬಂದಿದ್ದಕ್ಕೆ ಇನ್ನೊಂದು. ಸೆಲ್ ಯಾವಾಗಲೂ ಚಿತ್ರದಲ್ಲಿ ಇರುವುದಕ್ಕಿಂತ ಮುಂದೆ ಇರುತ್ತದೆ, ತಾನು ಓಡುವ ದಿಕ್ಕಿನಲ್ಲಿ. ಅದರ ಮೂತಿಯ ಮುಂದೆ ದಾಟಲು ಹೋದರೆ ಈ ತಡ ನಿಮ್ಮ ಅಂತರವನ್ನು ತಿನ್ನುತ್ತದೆ. ಬೆನ್ನ ಹಿಂದೆ ಸುತ್ತಿದರೆ ಅದೇ ತಡ ನಿಮಗೆ ಅಂತರ ಕೊಡುತ್ತದೆ. ಹಾಗಾಗಿ ಯಾವತ್ತೂ ಹಿಂದೆ.

ನಿಮ್ಮ ದಾರಿಯಲ್ಲಿ ಇದಕ್ಕೊಂದು ತೊಡಕು ಇದೆ. ಅಲ್ಲಿ ಗುಡುಗಿನ ಸಾಲು ಸಾಮಾನ್ಯವಾಗಿ ಪೂರ್ವಕ್ಕೆ ಓಡುತ್ತದೆ, ಹಿಂದೆ ಸುತ್ತುವುದು ಅಂದರೆ ಪಶ್ಚಿಮಕ್ಕೆ. ಜಾರ್ಜ್‌ಟೌನ್ ದಾಟಿದ ಕೂಡಲೇ ಪಶ್ಚಿಮದಲ್ಲಿ ಏನಿದೆ? ಫೋರ್ಟ್ ಹುಡ್, ಸೈನ್ಯದವರು ತೋಪು ಹಾರಿಸುವ ನಿರ್ಬಂಧಿತ ವಲಯ. ಮೋಡ ನೋಡುತ್ತಾ ಅದರೊಳಗೆ ಜಾರಿಬಿಡುವುದು ಸುಲಭ. ಮೊದಲೇ ಆ ಪ್ರದೇಶದ ರಾಡಾರ್ ಕಂಟ್ರೋಲ್ ಆದ ಗ್ರೇ ಅಪ್ರೋಚ್ ಜೊತೆ ಮಾತಾಡುತ್ತಿರಿ, ವಲಯ ಚಾಲೂ ಇದೆಯಾ ಕೇಳಿ.

———

ಜಾರ್ಜ್‌ಟೌನ್_172:

ಸಾರ್, ತುಂಬಾ ಥ್ಯಾಂಕ್ಸ್. ಫೋರ್ಟ್ ಹುಡ್ ವಿಷಯ ನಮ್ಮ ಕ್ಲಬ್ಬಿನಲ್ಲೂ ಯಾರೂ ಹೀಗೆ ಜೋಡಿಸಿ ಹೇಳಿರಲಿಲ್ಲ. ಆದ್ರೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಚಿತ್ರ ಹಳೇದು, ಮಧ್ಯೆ ನುಗ್ಗೋ ಹಾಗಿಲ್ಲ, 20 ಮೈಲಿ ದೂರ ಇರಬೇಕು ಅಂದ್ರೆ ಅದಕ್ಕೆ ದುಡ್ಡು ಯಾಕೆ ಹಾಕಬೇಕು? ಹೊರಡೋ ಮುಂಚೆ ಮನೇಲಿ ಲ್ಯಾಪ್‌ಟಾಪ್‌ನಲ್ಲಿ ನೋಡ್ಕೊಂಡು, ಕೆಟ್ಟದಾಗಿದ್ರೆ ಹೋಗ್ದೇ ಇರಬಹುದಲ್ಲ?

———

ಸಾಗರದ_ಸೆಸ್ನಾ:

ಬೇಜಾರು ಎಂತದ್ದೂ ಇಲ್ಲ, ಸರಿಯಾದ ಪ್ರಶ್ನೆ.

ಮನೆಯಲ್ಲಿ ನೋಡಿದ್ದು ಹೊರಡುವ ಹೊತ್ತಿನದ್ದು. ಮನೆಯಿಂದ ಏರ್‌ಪೋರ್ಟ್, ವಿಮಾನದ ಸುತ್ತ ಪರೀಕ್ಷೆ, ಪೆಟ್ರೋಲು, ಹಾರಿ ಅರ್ಧ ದಾರಿ, ಅಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಬಿಸಿಲು ಕಾದ ಮಧ್ಯಾಹ್ನ ಒಂದು ಹೂಕೋಸಿನಂಥ ಮೋಡ ಗುಡುಗಾಗಲು 20 ನಿಮಿಷ ಸಾಕು. ಮೊದಲು ಇದಕ್ಕೆ 122.0ರಲ್ಲಿ ಫ್ಲೈಟ್ ವಾಚ್ ಇತ್ತು. ಮೈಕು ಒತ್ತಿದರೆ ಒಬ್ಬ ಮನುಷ್ಯ ರಾಡಾರ್ ನೋಡಿ "ನಿನ್ನ ಮುಂದೆ ಹೀಗಿದೆ" ಅಂತಿದ್ದ. 2015ರ ಅಕ್ಟೋಬರ್ 1ಕ್ಕೆ ಅದನ್ನು ನಿಲ್ಲಿಸಿದರು. ಆಮೇಲೂ 122.2ರಲ್ಲಿ ಫ್ಲೈಟ್ ಸರ್ವಿಸ್ ಸಿಗುತ್ತಿತ್ತು, ಆದರೆ ಹೆಚ್ಚಿನವರು ತಮ್ಮ ಪರದೆಯನ್ನೇ ನಂಬಿದ್ದಾರೆ.

ಈ ಪೆಟ್ಟಿಗೆಯ ಕೆಲಸ ಬೇಗ ತಿರುಗಿಸುವುದು. 80 ಮೈಲಿ ಮುಂದೆ ಏನೋ ಎದ್ದಿದೆ ಅಂತ ಗೊತ್ತಾದರೆ ನೀವು ಈಗಲೇ 15 ಡಿಗ್ರಿ ಪಕ್ಕಕ್ಕೆ ಹಿಡಿದರೆ ಸಾಕು, ಜೊತೆಯಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ. 15 ಮೈಲಿಯಲ್ಲಿ ಗೊತ್ತಾದರೆ ಪೂರ್ತಿ ತಿರುಗಬೇಕು, ಬೆವರು ಬೇರೆ. ಆ 80 ಮೈಲಿಯ ನಿರ್ಧಾರಕ್ಕೆ ಚಿತ್ರ 15 ನಿಮಿಷ ಹಳೆಯದಿದ್ದರೂ ನಡೆಯುತ್ತದೆ.

ಒಂದು ಉದಾಹರಣೆ. ಒಬ್ಬ ವಿದ್ಯಾರ್ಥಿಯ ಜೊತೆ ವಿಚಿಟಾದಿಂದ ಟಲ್ಸಾಕ್ಕೆ ಹೊರಟಿದ್ದೆವು, ಮೇ ತಿಂಗಳು. ಹೊರಡುವಾಗ ಓಕ್ಲಹೋಮ ಪೂರ್ತಿ ಸ್ವಚ್ಛ. ಕಾನ್ಸಸ್ ಗಡಿ ದಾಟುವಾಗ ಪರದೆಯಲ್ಲಿ ಟಲ್ಸಾದ ಪಶ್ಚಿಮಕ್ಕೆ ಎರಡು ಹಸಿರು ಚುಕ್ಕೆ. ಮುಂದಿನ ಚಿತ್ರದಲ್ಲಿ ಒಂದರ ಹೊಟ್ಟೆಯಲ್ಲಿ ಹಳದಿ. ಅದರ ಮುಂದಿನದರಲ್ಲಿ ಎರಡರಲ್ಲೂ ಕೆಂಪು, ಮಧ್ಯೆ ಒಳ್ಳೇ 25 ಮೈಲಿ ಜಾಗ. ಹುಡುಗ "ಸಾರ್, ಮಧ್ಯೆ ಹೋಗಬಹುದು ಅನ್ಸುತ್ತೆ" ಅಂದ. ತಲೆ ಎತ್ತಿ ಗಾಜಿನಾಚೆ ನೋಡು ಅಂದೆ. ಎರಡು ಮೋಡದ ನೆತ್ತಿಗಳೂ ಮೇಲೆ ಹರಡಿ ಒಂದಕ್ಕೊಂದು ತಾಗಿದ್ದವು, ಆ ಚಪ್ಪರದ ಕೆಳಗೆ ಕತ್ತಲು. ಅದು ಪರದೆಯಲ್ಲಿ ಇರಲಿಲ್ಲ. ಪಾಂಕಾ ಸಿಟಿಯಲ್ಲಿ ಇಳಿದೆವು. ಅಲ್ಲಿ ಏರ್‌ಪೋರ್ಟ್ ಕಟ್ಟಡದಲ್ಲೇ ಒಂದು ಮೆಕ್ಸಿಕನ್ ಹೋಟೆಲ್ ಇತ್ತು. ಊಟ ಬರುವ ಹೊತ್ತಿಗೆ ಫೋನಿನಲ್ಲಿ ನೋಡಿದರೆ ಆ 25 ಮೈಲಿ ಜಾಗವೂ ಕೆಂಪು. ಆ ದಿನ ಪೆಟ್ಟಿಗೆ ತನ್ನ ದುಡ್ಡನ್ನು ದುಡಿಯಿತು: ಇಳಿಯುವುದಕ್ಕೆ ಏರ್‌ಪೋರ್ಟ್ ಇನ್ನೂ ಮುಂದೆ ಇರುವಾಗಲೇ ಹೇಳಿತು.

ಇನ್ನು, ನಿಜ ಹೇಳಬೇಕೆಂದರೆ ನಾನು ರಾಡಾರ್ ಚಿತ್ರಕ್ಕಿಂತ ಹೆಚ್ಚು ನೋಡುವುದು ಮೆಟಾರ್ (ಏರ್‌ಪೋರ್ಟ್‌ಗಳ ಹವಾಮಾನ ವರದಿ) ಚುಕ್ಕೆಗಳನ್ನು. ನಿಮ್ಮಂಥ ಕಣ್ಣಳತೆಯ ಪೈಲಟ್‌ಗಳನ್ನು ಗುಡುಗಿಗಿಂತ ತಗ್ಗಿನ ಮೋಡವೇ ಹೆಚ್ಚು ಕಾಡುವುದು, ಮತ್ತು ರಾಡಾರ್‌ಗೆ ಮೋಡ ಕಾಣುವುದಿಲ್ಲ, ಮಳೆ ಕಾಣುತ್ತದೆ. ಪರದೆ ಪೂರ್ತಿ ಖಾಲಿ ಇದ್ದು, ಕೆಳಗೆ 400 ಅಡಿಯಲ್ಲಿ ಮೋಡದ ಚಾಪೆ ಹಾಸಿರಬಹುದು. ದೂರದ ಮಳೆಯೂ ತಪ್ಪಬಹುದು: ರಾಡಾರ್‌ನಿಂದ 100 ನಾಟಿಕಲ್ ಮೈಲಿ ಆಚೆ ಅದರ ಅತಿ ಕೆಳಗಿನ ಕಿರಣವೂ ಸುಮಾರು 12,000 ಅಡಿ ಎತ್ತರದಲ್ಲಿ ಹಾಯುತ್ತದೆ. ನೀವು ಹಾರುವುದು 4,500ರಲ್ಲಿ.

ಹಾಗಾಗಿ ನಿಮ್ಮ ದಾರಿಯ ಟೆಂಪಲ್, ವೇಕೊ, ಹಿಲ್ಸ್‌ಬರೊ ಚುಕ್ಕೆಗಳನ್ನು ಸಾಲಾಗಿ ನೋಡಿ. ಟ್ಯಾಬ್ಲೆಟ್‌ನಲ್ಲಿ ಹಸಿರು ಅಂದರೆ ಹಾರಬಹುದು, ನೀಲಿ ಅಂದರೆ ಅಂಚಿನಲ್ಲಿದೆ, ಕೆಂಪು ಮತ್ತು ನೇರಳೆಗೆ ನೀವು ಹೋಗುವ ಹಾಗೇ ಇಲ್ಲ. ಹಸಿರು ಇದ್ದದ್ದು ನೀಲಿಯಾದರೆ ಮೋಡ ಇಳಿಯುತ್ತಿದೆ. ಚುಕ್ಕೆ ಒತ್ತಿ ಉಷ್ಣಾಂಶ ಮತ್ತು ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶ) ಹತ್ತಿರ ಬರುತ್ತಿವೆಯಾ ನೋಡಿ.

ಇಲ್ಲೂ ವಯಸ್ಸಿನ ಲೆಕ್ಕ ಇದೆ. ಫಿಸ್-ಬಿ ಮೆಟಾರ್ ಅನ್ನು 5 ನಿಮಿಷಕ್ಕೊಮ್ಮೆ ಕಳಿಸುತ್ತದೆ, ಆದರೆ ಮೆಟಾರ್ ಬರೆಯುವುದೇ ಸಾಮಾನ್ಯವಾಗಿ ಗಂಟೆಗೊಮ್ಮೆ, 53 ನಿಮಿಷದ ಆಸುಪಾಸಿನಲ್ಲಿ. ಹವಾಮಾನ ಸಟಕ್ಕನೆ ಬದಲಾದರೆ ಮಧ್ಯೆ ವಿಶೇಷ ವರದಿ. ಒಂದು ಊರು 25 ಮೈಲಿ ಒಳಗೆ ಬಂದಮೇಲೆ ಪರದೆ ಬಿಡಿ, ರೇಡಿಯೊದಲ್ಲಿ ಆ ಊರಿನ ಆಸಾಸ್ (ಸ್ವಯಂಚಾಲಿತ ಹವಾಮಾನ ಕೇಂದ್ರ) ಫ್ರೀಕ್ವೆನ್ಸಿ ಹಾಕಿ. ಯಂತ್ರದ ದನಿಯಲ್ಲಿ ನಿಮಿಷ ನಿಮಿಷದ ವರದಿ ಸಿಗುತ್ತದೆ. ಅದಕ್ಕೆ ಚಂದಾ ಇಲ್ಲ, ಬ್ಯಾಟರಿ ಇಲ್ಲ, ಯಾರೂ ಕೇಳುವುದೂ ಇಲ್ಲ ಪಾಪ.

———

ಆಂಟೆನಾ_ಅಣ್ಣ:

ನಾನು ಪೈಲಟ್ ಅಲ್ಲ, ಏವಿಯಾನಿಕ್ಸ್ ಶಾಪಿನಲ್ಲಿ ಕೆಲಸ. ಹವಾಮಾನದ ಮಾತು ಮೇಲಿನವರು ಹೇಳಿದ್ದಾರೆ. ನನ್ನದು ವೈರು, ಆಂಟೆನಾ ಕಡೆಯದ್ದು.

ರಿಸೀವರ್ ಎಲ್ಲಿ ಅಂಟಿಸ್ತೀರ ಅನ್ನೋದು ಬಹಳ ಮುಖ್ಯ. ಎಕ್ಸ್‌ಎಂ ಆಂಟೆನಾಗೆ ಆಕಾಶ ಕಾಣಬೇಕು, ಡ್ಯಾಶ್ ಮೇಲೆ ಇಟ್ಟರೆ ಸರಿ. ಎಡಿಎಸ್-ಬಿ ಟವರ್ ನೆಲದಲ್ಲಿರೋದು, 172ರಲ್ಲಿ ರೆಕ್ಕೆ ಮೇಲಿರೋದ್ರಿಂದ ಪಕ್ಕದ ಅಥವಾ ಹಿಂದಿನ ಕಿಟಕಿ ಒಳ್ಳೇದು. ಚಿತ್ರದಲ್ಲಿ ಎಲ್ಲೋ ಗೆರೆಗೆರೆ ಎಳೆದ ಜಾಗ ಕಂಡ್ರೆ ಅಲ್ಲಿಯ ಡೇಟಾ ಬಂದಿಲ್ಲ ಅಂತ; ಅದನ್ನ ಶುಭ್ರ ಆಕಾಶ ಅಂದ್ಕೋಬೇಡಿ.

ಏನನ್ನೂ ದಿಕ್ಸೂಚಿ ಪಕ್ಕ ಸಿಕ್ಕಿಸಬೇಡಿ. ಆಯಸ್ಕಾಂತ ಇರೋ ಮೌಂಟ್ ಅಂತೂ ಬೇಡವೇ ಬೇಡ. ಎಲ್ಲ ಹಚ್ಚಿ ಒಮ್ಮೆ, ಆರಿಸಿ ಒಮ್ಮೆ, ಮುಳ್ಳು ಎಷ್ಟು ಅಲ್ಲಾಡುತ್ತೆ ನೆಲದ ಮೇಲೇ ನೋಡಿ.

ಹಳೇ ಪೋರ್ಟಬಲ್ ಬಗ್ಗೆ ಒಂದು ತಮಾಷೆ. ನೀವು ರೇಡಿಯೊದಲ್ಲಿ ಮಾತಾಡಿದಾಗಲೆಲ್ಲ ಜಿಪಿಎಸ್ ಸಿಗ್ನಲ್ ಕಳ್ಕೊಳ್ತಿದ್ರೆ ಯಾವ ಫ್ರೀಕ್ವೆನ್ಸಿ ಅಂತ ನೋಡಿ. ರೇಡಿಯೊ ತನ್ನ ಫ್ರೀಕ್ವೆನ್ಸಿಯ ಗುಣಕಗಳಲ್ಲೂ ಸ್ವಲ್ಪ ಸದ್ದು ಉಗುಳುತ್ತೆ. ಜಿಪಿಎಸ್ ಇರೋದು 1575.42 ಮೆಗಾಹರ್ಟ್ಸ್. 121.175 ಅನ್ನ 13ರಿಂದ ಗುಣಿಸಿ, 131.3 ಅನ್ನ 12ರಿಂದ ಗುಣಿಸಿ. ಎರಡೂ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತೆ. ಗ್ರಾಹಕರು "ಜಿಪಿಎಸ್ ಕೆಟ್ಟಿದೆ" ಅಂತ ತಂದಿಡ್ತಾರೆ, ಕೆಟ್ಟಿರಲ್ಲ, ಮಗ್ಗಿ ಅಷ್ಟೆ. ಆಂಟೆನಾ ಎರಡನ್ನೂ ದೂರ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತೆ.

ಕಳಪೆ ಯುಎಸ್‌ಬಿ ಚಾರ್ಜರ್ ರೇಡಿಯೊದಲ್ಲಿ ಸೊಂಯ್ ಅನ್ನಿಸುತ್ತೆ. ಏರ್‌ಪೋರ್ಟ್ ಕಂಟ್ರೋಲ್ ಟವರ್‌ನವರ ಮಾತು ಕೇಳ್ತಿಲ್ಲ ಅಂದ್ರೆ ಮೊದಲು ಅದನ್ನ ಕಿತ್ತು ನೋಡಿ.

———

ಜಕ್ಕೂರು_ರನ್‌ವೇ:

ಬೆಂಗಳೂರಿನಿಂದ. ಜಕ್ಕೂರಿನಲ್ಲಿ ವಿಮಾನ ಏರೋದು ಇಳಿಯೋದು ನೋಡ್ಕೊಂಡು ಬೆಳೆದವನು, ಈಗ ತರಬೇತಿಗೆ ಸೇರೋ ಯೋಚನೆ. ಇಂಥದ್ದೊಂದು ಪೆಟ್ಟಿಗೆ ಅಮೆರಿಕದಿಂದ ತರಿಸಿದ್ರೆ ಇಲ್ಲಿ ಹವಾಮಾನ ಬರುತ್ತಾ? ಏಪ್ರಿಲ್, ಮೇ ಸಂಜೆ ಮಳೆ ಇಲ್ಲೂ ಕಮ್ಮಿ ಏನಿಲ್ಲ.

———

ಆಂಟೆನಾ_ಅಣ್ಣ:

ಬರಲ್ಲ. ಫಿಸ್-ಬಿ ಕಳಿಸೋದು ಅಮೆರಿಕದ ಎಫ್‌ಎಎ ಟವರ್‌ಗಳು, ಎಕ್ಸ್‌ಎಂ ಉಪಗ್ರಹಗಳು ನೋಡೋದು ಉತ್ತರ ಅಮೆರಿಕವನ್ನ. ಬೆಂಗಳೂರಿನಲ್ಲಿ ಆ ಪುಟ ಖಾಲಿ. ನಕ್ಷೆ, ಜಾಗ, ವೇಗ ಎಲ್ಲ ಕೆಲಸ ಮಾಡುತ್ತೆ. ಇಸ್ರೊ ಮತ್ತು ಏರ್‌ಪೋರ್ಟ್ಸ್ ಅಥಾರಿಟಿ ಸೇರಿ ಕಟ್ಟಿದ ಗಗನ್ ವ್ಯವಸ್ಥೆಯ ತಿದ್ದುಪಡಿ ಸಿಗ್ನಲ್ ಅನ್ನೂ ಕೆಲವು ರಿಸೀವರ್ ಹಿಡಿಯುತ್ತೆ. ಅದು ಜಾಗ ನಿಖರವಾಗಿ ತೋರಿಸೋದಕ್ಕೆ, ಮಳೆಗಲ್ಲ.

ಇನ್ನೊಂದು, ಯಾರ ಕೈಲಾದ್ರೂ ತರಿಸೋದಾದ್ರೆ ಸ್ಯಾಟಲೈಟ್ ಮೆಸೇಜ್ ಕಳಿಸೋ ಸಾಧನಗಳನ್ನ, ಇನ್‌ರೀಚ್ ಥರದ್ದನ್ನ, ಸೇರಿಸ್ಕೋಬೇಡಿ. ಭಾರತದಲ್ಲಿ ಅವನ್ನ ಅನುಮತಿ ಇಲ್ದೆ ಇಟ್ಕೊಳ್ಳೋ ಹಾಗಿಲ್ಲ. ಏರ್‌ಪೋರ್ಟ್‌ನಲ್ಲೇ ಹಿಡೀತಾರೆ.

———

ಸಾಗರದ_ಸೆಸ್ನಾ:

ಜಕ್ಕೂರಿನವರೇ, ನಿಮಗೆ ಪೆಟ್ಟಿಗೆ ಇಲ್ಲದ್ದು ಈಗಿನ ಮಟ್ಟಿಗೆ ನಷ್ಟ ಅಲ್ಲ. ತರಬೇತಿಯ ಹಾರಾಟ ಹೆಚ್ಚಿನದ್ದು ಬೆಳಿಗ್ಗೆಯೇ ಮುಗಿಯುತ್ತದೆ. ದೊಡ್ಡ ಏರ್‌ಪೋರ್ಟ್‌ಗಳ ಮೆಟಾರ್ ಅಲ್ಲಿ ಅರ್ಧ ಗಂಟೆಗೊಮ್ಮೆ ಬರುತ್ತದೆ, ಇಲ್ಲಿಗಿಂತ ಅದೇ ವಾಸಿ. ಹವಾಮಾನ ಇಲಾಖೆಯ ರಾಡಾರ್ ಪುಟವನ್ನು ಹೊರಡುವ ಮುಂಚೆ ನೋಡಿ, ಅದಕ್ಕೂ ಮೂಲೆಯಲ್ಲಿ ಸಮಯ ಇರುತ್ತದೆ. ಯುಟಿಸಿಯಲ್ಲಿದ್ದರೆ ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಈಗ ಜಾರ್ಜ್‌ಟೌನ್‌ನವರ ಖರೀದಿ. ಡಾಲಸ್‌ನವರ ಸಲಹೆ ಬಹುಪಾಲು ಒಪ್ಪುತ್ತೇನೆ: ಐಪ್ಯಾಡ್ ಆಗಲೇ ಇದೆ, ರಿಸೀವರ್ ತಗೊಳ್ಳಿ. ವಿಮಾನದಲ್ಲಿ ಔಟ್ ಇರುವುದು ನಿಮ್ಮ ಅದೃಷ್ಟ. ಹವಾಮಾನ ಯಾರಿಗೆ ಬೇಕಾದರೂ ಬರುತ್ತದೆ, ಆದರೆ ಟ್ರಾಫಿಕ್ ಚಿತ್ರವನ್ನು ಟವರ್ ಕಟ್ಟಿಕೊಡುವುದು ಔಟ್ ಇರುವ ವಿಮಾನದ ಸುತ್ತಲಿನದ್ದನ್ನು.

ಒಪ್ಪದಿರುವುದು "ಮುಗೀತು" ಅನ್ನುವ ಮಾತನ್ನು. ಐಪ್ಯಾಡ್‌ನ ಬಳಕೆಗೆ ಆಪಲ್ ಹೇಳುವ ಗರಿಷ್ಠ ಸುತ್ತಲಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್. ಜುಲೈನಲ್ಲಿ ಟೆಕ್ಸಾಸ್‌ನ ರ‍್ಯಾಂಪ್ ಮೇಲೆ ನಿಂತ 172ರ ಗಾಜಿನ ಹಿಂದೆ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಟ್ಯಾಕ್ಸಿ ಮಾಡುವಾಗಲೇ ಅದು ಥರ್ಮಾಮೀಟರ್ ಚಿತ್ರ ತೋರಿಸಿ ಮಲಗುತ್ತದೆ. ಬಿಸಿಲು ಬೀಳದ ಕಡೆ, ತೊಡೆ ಮೇಲೆ ಇಟ್ಟುಕೊಳ್ಳಿ, ಗಾಳಿಯ ಕಿಂಡಿ ಅದರ ಕಡೆ ತಿರುಗಿಸಿ, ರಿಸೀವರ್ ಕಿಟಕಿಯಲ್ಲಿರಲಿ. ಜೊತೆಗೆ ಫೋನಿನಲ್ಲೂ ಅದೇ ಆ್ಯಪ್ ಹಾಕಿಡಿ.

ಏರಾ 660 ಮಾಡಿರುವುದೇ ಕಾಕ್‌ಪಿಟ್ಟಿಗೆ. 5 ಇಂಚಿನ ಪರದೆ, ಬಿಸಿಲಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಹವಾಮಾನ ಬೇಕಾದರೆ ಅದಕ್ಕೂ ಜಿಡಿಎಲ್ 50 ಥರದ ರಿಸೀವರ್ ಪ್ರತ್ಯೇಕ ಬೇಕು, ಎಕ್ಸ್‌ಎಂ ಕೂಡ ಬೇಕಿದ್ದರೆ ಜಿಡಿಎಲ್ 52. ಸ್ವಂತ ವಿಮಾನ ಇದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ಕ್ಲಬ್ಬಿನ ವಿಮಾನಕ್ಕೆ ಪ್ರತಿ ಸಲ ಹೊತ್ತು ತಂದು ಕಟ್ಟಿ ಬಿಚ್ಚಬೇಕು.

496 ಒಳ್ಳೇ ಯಂತ್ರ, ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ದುಡ್ಡು ಕೊಡುವ ಮುಂಚೆ ಮಾತ್ರ ಆ ಆಂಟೆನಾಗೆ ಚಂದಾ ಇನ್ನೂ ಹಚ್ಚಿಕೊಡುತ್ತಾರಾ, ನಕ್ಷೆಯ ಅಪ್‌ಡೇಟ್ ಸಿಗುತ್ತಾ, ಎರಡನ್ನೂ ಫೋನ್ ಮಾಡಿ ಕೇಳಿ. ಆನ್ ಮಾಡಿ ತಾರೀಕು ಸರಿ ತೋರಿಸುತ್ತಾ ನೋಡಿ. 2019ರ ಏಪ್ರಿಲ್ 6ರಂದು ಜಿಪಿಎಸ್ ವಾರದ ಎಣಿಕೆ ಸೊನ್ನೆಗೆ ಮರಳಿದಾಗ ಹಳೇ ರಿಸೀವರ್‌ಗಳಲ್ಲಿ ಕೆಲವು ಇಪ್ಪತ್ತು ವರ್ಷ ಹಿಂದಕ್ಕೆ ಹೋದವು. ಬ್ಯಾಟರಿ ಊದಿಕೊಂಡಿದ್ದರೆ ಅಲ್ಲಿಗೇ ಬಿಡಿ.

———

ಜಾರ್ಜ್‌ಟೌನ್_172:

ರಿಸೀವರ್ ಆರ್ಡರ್ ಮಾಡಿದೆ. ಹಿರಿಯರಿಗೆ ಬೇಡ ಅಂತ ಹೇಳೋದೇ ಕಷ್ಟದ ಕೆಲಸ ಆಯ್ತು. ಐಪ್ಯಾಡ್‌ಗೆ ಕಾರಿನಲ್ಲಿರೋ ಚಾರ್ಜರ್ ಅನ್ನೇ ವಿಮಾನದ ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕಬಹುದಾ? ಕ್ಲಬ್ಬಿನದು 2001ರ 172ಎಸ್.

———

ಆಂಟೆನಾ_ಅಣ್ಣ:

ತಡೀರಿ! 172ಎಸ್ 28 ವೋಲ್ಟ್ ವಿಮಾನ, ನಿಮ್ಮ ಕಾರು 12. ಕಾರಿಗಷ್ಟೇ ಮಾಡಿದ ಚಾರ್ಜರ್ ಆದ್ರೆ ಹೊಗೆ ಬರುತ್ತೆ, ಅದೂ ಮೇಲೆ ಹೋದಮೇಲೆ. ಚಾರ್ಜರ್ ಹಿಂದೆ ಸಣ್ಣ ಅಕ್ಷರದಲ್ಲಿ ಇನ್‌ಪುಟ್ ಬರೆದಿರುತ್ತೆ, 10ರಿಂದ 32 ವೋಲ್ಟ್ ಅಂತ ಇದ್ರೆ ಹಾಕಿ. 12ರಿಂದ 24 ಅಂತಿದ್ರೆ ಬೇಡ, ಆಲ್ಟರ್ನೇಟರ್ ಓಡುವಾಗ 28 ದಾಟುತ್ತೆ. ಇಲ್ಲಾಂದ್ರೆ ಒಂದು ಪವರ್ ಬ್ಯಾಂಕ್ ತುಂಬಿಸ್ಕೊಂಡು ಹೋಗಿ, ಅಡಿಸನ್‌ಗೆ ಅಷ್ಟು ಸಾಕು.